ಮೊದಲ ಚಮಚ

ಸೆಪ್ಟೆಂಬರ್ 3

ಅಕ್ಕಾ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ಸುದ್ದಿ ಕೇಳು. ನಮ್ಮ ತಂಡದ ಮೊದಲನೇ ಗೋಲ್‌ಕೀಪರ್ ಭುಜ ಮುರಿದುಕೊಂಡಿದ್ದಾನೆ. ಆಟದಲ್ಲಲ್ಲ, ಬಚ್ಚಲುಮನೆಯಲ್ಲಿ ಜಾರಿ. ನಾನು ಮುಖ ಸಪ್ಪಗೆ ಮಾಡಿಕೊಂಡು ಆಸ್ಪತ್ರೆಗೆ ಹೋಗಿ, ಅವನ ಮಂಚದ ಪಕ್ಕ ಕೂತು, ಬೇಗ ಗುಣವಾಗಲಿ ಎಂದು ಹೇಳಿ ಬಂದೆ. ಹೊರಗೆ ಬಂದವನೇ ಮೆಟ್ಟಿಲ ಮೇಲೆ ಕೂತು ನಕ್ಕೆ. ಆಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಯಿತು. ಏನು ಮಾಡಲಿ ಹೇಳು, ಇಷ್ಟು ವರ್ಷ ಬೆಂಚಿನ ಮೇಲೆ ಕೂತು ಕೂತು ಅದರ ಹಲಗೆಗೆ ನನ್ನ ಗುರುತು ಬಿದ್ದಿದೆ. ಮೂವತ್ತಮೂರನೇ ವಯಸ್ಸಿಗೆ, ಈ ಲೀಗ್ ಮುಗಿಯುವವರೆಗೆ, ಗೋಲಿನಲ್ಲಿ ನಿಲ್ಲುವವನು ನಾನೇ.

ಮೊದಲ ಪಂದ್ಯ ಮಂಜಿನಲ್ಲಿ ನಡೆಯಿತು. ನಾನು ನಿಂತಲ್ಲಿಂದ ಆಚೆ ತುದಿಯ ಗೋಲು ಕಾಣುತ್ತಿರಲಿಲ್ಲ. ಆಟ ಆ ಕಡೆಗೆ ಹೋದಾಗಲೆಲ್ಲ ಆಟಗಾರರು ಬೆಳ್ಳಗಿನ ಗೋಡೆಯೊಳಗೆ ಹೊಕ್ಕು ಮಾಯವಾಗುತ್ತಿದ್ದರು. ಬರೀ ಕೂಗು, ಸೀಟಿ, ಬೂಟಿನ ಸದ್ದು. ಹುಲ್ಲಿನ ಮೇಲೆ ನಾನೊಬ್ಬನೇ. ಆಟ ಯಾವಾಗಲೋ ಮುಗಿದಿದೆ, ಎಲ್ಲರೂ ಮನೆಗೆ ಹೋಗಿದ್ದಾರೆ, ನನಗೆ ಹೇಳುವುದನ್ನು ಮಾತ್ರ ಮರೆತಿದ್ದಾರೆ ಅನ್ನಿಸುತ್ತಿತ್ತು. ಅಷ್ಟರಲ್ಲಿ ಮಂಜಿನಿಂದ ಚೆಂಡು ಹೊರಬರುತ್ತಿತ್ತು, ಯಾರೂ ಒದೆಯದೆ ತಾನಾಗಿಯೇ ಬಂದಂತೆ. ಹಿಡಿದೆ. ಬಂದಿದ್ದನ್ನೆಲ್ಲ ಹಿಡಿದೆ. ಅಷ್ಟು ಸುಖ ನನಗೆ ಯಾವತ್ತೂ ಆಗಿರಲಿಲ್ಲ ಅಕ್ಕ.

ಅಮ್ಮ ಚೆನ್ನಾಗಿದ್ದಾಳೆ. ಮಧ್ಯಾಹ್ನ ಕಿಟಕಿಯ ಬಳಿ ಕುರ್ಚಿಯಲ್ಲಿ ತೂಕಡಿಸುತ್ತ ಈಗಲೂ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಮಾಡುತ್ತಾಳೆ. ಗಾಳಿಯಲ್ಲಿ ಒಂದು ತಂತಿ ಎಳೆದು, ಇನ್ನೆಲ್ಲೋ ಸಿಕ್ಕಿಸಿ, "ಲೈನಲ್ಲೇ ಇರಿ, ಕೊಡ್ತೀನಿ" ಅನ್ನುತ್ತಾಳೆ. ಫೋನ್ ಬಡಿದುಕೊಂಡರೆ ಎದ್ದು ಓಡುತ್ತಾಳೆಂದು ಮನೆಯ ಫೋನ್ ತೆಗೆಸಿಬಿಟ್ಟೆ, ನನ್ನ ಮೊಬೈಲನ್ನೂ ಕ್ಲಬ್ಬಿನಲ್ಲೇ ಬಿಟ್ಟು ಬರುತ್ತೇನೆ. ನೀನು ಕಾಗದವನ್ನೇ ಬರಿ. "ದಿನವೆಲ್ಲಾ ಊರವರ ಮಾತು ಜೋಡಿಸಿ ಬಂದಿದ್ದೀನಿ, ಮನೇಲಿ ಯಾರೂ ಫೋನ್ ಹಿಡೀಬೇಡಿ, ಹೇಳೋದಿದ್ರೆ ಬರೆದು ಹೇಳಿ" ಎಂಬ ಅವಳ ಹಳೆಯ ಕಾನೂನು ಮತ್ತೆ ಜಾರಿಗೆ ಬಂದಿದೆ ಅಂದುಕೋ.

ನಿನ್ನ ಗೂಟ


ಸೆಪ್ಟೆಂಬರ್ 15

ಗೂಟಪ್ಪಾ,

ನಿಂತಲ್ಲೇ ನಿಲ್ಲುವ ಹುಡುಗ ಎಂದು ನಾನು ಚಿಕ್ಕಂದಿನಲ್ಲಿ ಇಟ್ಟ ಹೆಸರು ಕೊನೆಗೂ ಸಾರ್ಥಕವಾಯಿತು. ನಿನ್ನ ಕಾಗದವನ್ನು ಬಸ್ಸಿನಲ್ಲಿ ಓದಿದೆ, ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು. ವಾಪಸು ನಡೆದು ಬರುವಾಗ ಎದುರಾದ ಅಪರಿಚಿತರನ್ನೆಲ್ಲ ನಿಲ್ಲಿಸಿ, ನನ್ನ ತಮ್ಮ ಗೋಲಿನಲ್ಲಿ ನಿಂತಿದ್ದಾನೆ ಎಂದು ಹೇಳೋಣ ಅನ್ನಿಸಿತು. ಹೇಳಲಿಲ್ಲ, ಹೆದರಬೇಡ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ನಿನ್ನೆ ಪಂದ್ಯ ಮುಗಿದ ಮೇಲೆ ಒಬ್ಬ ಬಾಸ್ಕೆಟ್‌ಬಾಲ್ ಆಟಗಾರ್ತಿಯ ಮೂತ್ರದ ಮಾದರಿಗಾಗಿ ಕ್ರೀಡಾಂಗಣದ ನೆಲಮಾಳಿಗೆಯಲ್ಲಿ ಕಾದೆ. ಅವಳಿಗೆ ಬರಲೇ ಇಲ್ಲ. ನೀರು ಕುಡಿದಳು, ಓಡಾಡಿದಳು, ನಲ್ಲಿ ಬಿಟ್ಟು ಅದರ ಸದ್ದು ಕೇಳಿದಳು. ಕಾರಿಡಾರಿನ ದೀಪಗಳು ಒಂದೊಂದಾಗಿ ಆರಿದವು. ಕೊನೆಗೆ ಅವಳು ನನ್ನ ಹೆಗಲಿಗೆ ತಲೆಯಾನಿಸಿ ನಿದ್ದೆಹೋದಳು. ಮಾದರಿ ಸಿಗುವ ತನಕ ನಾನು ಅವಳ ಮೇಲಿನ ಕಣ್ಣು ತೆಗೆಯುವಂತಿಲ್ಲ. ಹಾಗಾಗಿ ಆ ಮಲಗಿದ ಮುಖವನ್ನೇ ನೋಡುತ್ತ ಕೂತೆ. ತುಟಿ ಅಲುಗುತ್ತಿತ್ತು, ಯಾರನ್ನೋ ಕರೆಯುತ್ತಿದ್ದಳು. ನಾವು ನೋಡುವಷ್ಟು ಹತ್ತಿರದಿಂದ ಯಾರೂ ಯಾರನ್ನೂ ನೋಡುವುದಿಲ್ಲ ಕಣೋ, ಆದರೂ ಅವರ ಬಗ್ಗೆ ನಮಗೆ ಏನೂ ತಿಳಿದಿರುವುದಿಲ್ಲ.

ಈಗ ಬುದ್ಧಿಮಾತು. ಇಷ್ಟು ದಿನ ಬೆಂಚಿನವನು ಎಂದು ನಿನ್ನನ್ನು ಯಾರೂ ಕೇಳುತ್ತಿರಲಿಲ್ಲ, ಇನ್ನು ನಿಷಿದ್ಧ ಮದ್ದಿನ ಪರೀಕ್ಷೆಗೆ ಚೀಟಿ ಎತ್ತಿದಾಗ ನಿನ್ನ ನಂಬರೂ ಬರುತ್ತದೆ. ನೀನಿರುವ ಕಾರಣಕ್ಕೆ ಫುಟ್‌ಬಾಲ್ ಲೀಗಿನ ಕಡೆ ತಲೆಹಾಕುವುದಿಲ್ಲ ಎಂದು ನಾನು ಬರೆದುಕೊಟ್ಟಿದ್ದೇನೆ, ಹಾಗಾಗಿ ಬರುವವರು ಬೇರೆಯವರು. ಕೆಮ್ಮಿನ ಸಿರಪ್ ಕೂಡ ಡಾಕ್ಟರನ್ನು ಕೇಳದೆ ಮುಟ್ಟಬೇಡ. ನಿಯಮ ಒಂದೇ: ಮೈಯೊಳಗೆ ಏನು ಸಿಕ್ಕರೂ ಅದಕ್ಕೆ ಮೈಯ ಯಜಮಾನನೇ ಹೊಣೆ. ಹೇಗೆ ಬಂತೋ ಗೊತ್ತಿಲ್ಲ ಅನ್ನುವುದು ಉತ್ತರವಲ್ಲ.

ಅಮ್ಮನ ಕಾಲಿನ ಊತ ಹೇಗಿದೆ? ನೀರಿಳಿಸುವ ಮಾತ್ರೆ ತಪ್ಪದೆ ತಗೊಳ್ಳುತ್ತಿದ್ದಾಳಾ? ನನ್ನನ್ನು ಕೇಳುತ್ತಾಳಾ?

ಅಕ್ಕ


ಅಕ್ಟೋಬರ್ 5

ಉಚ್ಚೆ ಇನ್ಸ್‌ಪೆಕ್ಟರ್ ಅವರ ಸನ್ನಿಧಿಗೆ,

ನಿನ್ನ ಬಾಯಿ ಹರಕೆ ಫಲಿಸಿತು. ಮೊನ್ನೆಯ ಪಂದ್ಯದ ಮೇಲೆ ನನ್ನ ನಂಬರ್ ಬಂತು. ನಿಮ್ಮ ಪಂಗಡದ ಒಬ್ಬ ಹಿರಿಯರು, ಬೆಳ್ಳಗಿನ ಮೀಸೆ, ಕೈಯಲ್ಲಿ ಚೀಲ, ನೆರಳಿನ ಹಾಗೆ ನನ್ನ ಹಿಂದೆಯೇ ಬಂದರು. ಎದುರಿಗೆ ನಿಂತು ನೋಡುತ್ತಿದ್ದವರ ಜಾಗದಲ್ಲಿ ನಿನ್ನನ್ನು ನೆನೆಸಿಕೊಂಡೆ ನೋಡು, ಬರುತ್ತಿದ್ದುದೂ ನಿಂತುಹೋಯಿತು. ನಾನು ನಕ್ಕೆ, ಅವರು ನಗಲಿಲ್ಲ. ಎರಡು ಬಾಟಲಿಗೆ ಹಂಚಿ, ಮುಚ್ಚಳ ತಿರುಗಿಸಿ, ಅಲ್ಲಾಡಿಸಿ ತೋರಿಸಿದರು. ಬೆಳಕಿಗೆ ಹಿಡಿದಾಗ ಸಂಜೆಯ ಬಿಸಿಲನ್ನು ತುಂಬಿಟ್ಟ ಹಾಗೆ ಕಂಡಿತು. ಕಳೆದ ಏಳು ದಿನಗಳಲ್ಲಿ ಏನಾದರೂ ಔಷಧಿ ತಗೊಂಡಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ, ಬರೆದುಕೊಂಡರು.

ಪಂದ್ಯ ನಾವೇ ಗೆದ್ದೆವು. ಆಟ ಮುಗಿದ ಮೇಲೂ ನನಗೆ ಕೈಗವಸು ತೆಗೆಯಲು ಮನಸ್ಸಾಗುವುದಿಲ್ಲ. ಮನೆ ತನಕ ಹಾಕಿಕೊಂಡೇ ಬರುತ್ತೇನೆ. ಮರಗಳ ಕೆಳಗೆ ನಡೆಯುವಾಗ ಬೀಳುವ ಎಲೆಗಳನ್ನು ಹಿಡಿಯುತ್ತೇನೆ. ಯಾರಾದರೂ ನೋಡಿದರೆ ಹುಚ್ಚ ಅಂದುಕೊಳ್ಳುತ್ತಾರೆ, ಅನ್ನಲಿ.

ಅಮ್ಮ ಮಾತ್ರೆಯನ್ನು ಒಳ್ಳೆ ಮಗುವಿನ ಹಾಗೆ ತಗೊಳ್ಳುತ್ತಾಳೆ. ಊತ ಇಳಿದಿದೆ. ನಿನ್ನನ್ನು ಕೇಳುತ್ತಾಳೆ, ಆಗಾಗ.

ಗೂಟ


ನವೆಂಬರ್ 9

ಅಕ್ಕಾ,

ತಡವಾಗಿ ಬರೆಯುತ್ತಿದ್ದೇನೆ. ಲೀಗಿನಿಂದ ಪತ್ರ ಬಂದಿದೆ. ನನ್ನ ಮಾದರಿಯಲ್ಲಿ ಒಂದು ಔಷಧಿ ಸಿಕ್ಕಿದೆಯಂತೆ. ಹೆಸರು ಓದಿದ ಕೂಡಲೇ ಗುರುತಾಯಿತು, ನಮ್ಮನೆಯ ಡಬ್ಬಿಯ ಮೇಲೆ ಇರುವ ಹೆಸರೇ. ಅಮ್ಮನ ನೀರಿಳಿಸುವ ಮಾತ್ರೆ. ಸಿಕ್ಕಿದ್ದು ತೀರಾ ಅಲ್ಪ ಅಂತಲೂ ಬರೆದಿದ್ದಾರೆ. ವಿಚಾರಣೆ ಮುಗಿಯುವ ತನಕ ನಾನು ಆಡುವಂತಿಲ್ಲ, ತಂಡದ ಜೊತೆ ಅಭ್ಯಾಸವನ್ನೂ ಮಾಡುವಂತಿಲ್ಲ. ತಪ್ಪು ಸಾಬೀತಾದರೆ ಎರಡು ವರ್ಷ ನಿಷೇಧ. ಮೂವತ್ತೈದರ, ಆಡದೆ ಕೂತ ಗೋಲ್‌ಕೀಪರನ್ನು ಯಾರು ಕರೆಯುತ್ತಾರೆ?

ನಾನು ಆ ಮಾತ್ರೆ ನುಂಗಿಲ್ಲ ಅಕ್ಕ. ನನಗೆ ಅದರ ಅಗತ್ಯವೂ ಇರಲಿಲ್ಲ. ಬೆಳಿಗ್ಗೆ ಎದ್ದಾಗ ಒಂದು ಕ್ಷಣ ಇದೆಲ್ಲ ಬೇರೆ ಯಾರಿಗೋ ಬಂದ ಪತ್ರ, ವಿಳಾಸ ತಪ್ಪಿ ನಮ್ಮನೆಗೆ ಬಂದಿದೆ ಅನ್ನಿಸುತ್ತದೆ. ಆಮೇಲೆ ಗೋಡೆಗೆ ನೇತುಹಾಕಿದ ಕೈಗವಸು ಕಾಣುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ಇಷ್ಟು ದಿನ ಬರೀ ಗಾದೆ ಅಂದುಕೊಂಡಿದ್ದೆ.

ನಿನಗೆ ಇದೆಲ್ಲ ಗೊತ್ತು. ನಾನು ಏನು ಮಾಡಬೇಕು ಹೇಳು.


ನವೆಂಬರ್ 17

ತಮ್ಮನಿಗೆ,

ಎರಡನೇ ಬಾಟಲಿಯನ್ನು ಒಡೆಸಿ ಮತ್ತೊಮ್ಮೆ ಪರೀಕ್ಷೆ ಮಾಡಿಸುವ ಹಕ್ಕು ನಿನಗಿದೆ. ಅದು ಮೊದಲನೆಯದಕ್ಕಿಂತ ಬೇರೆ ಹೇಳಿದ್ದನ್ನು ನಾನು ಈ ಕೆಲಸದಲ್ಲಿ ನೋಡಿಲ್ಲ. ನೀರಿಳಿಸುವ ಮಾತ್ರೆ ಎರಡು ಕಾರಣಕ್ಕೆ ನಿಷಿದ್ಧ: ಬೇರೆ ಮದ್ದನ್ನು ಮೈಯಿಂದ ತೊಳೆದು ಮರೆಮಾಚುತ್ತದೆ, ತೂಕವನ್ನು ಬೇಗ ಇಳಿಸುತ್ತದೆ. ವಿಚಾರಣೆಯಲ್ಲಿ ಈ ಎರಡನ್ನೂ ಕೇಳುತ್ತಾರೆ.

ನಾನೂ ಕೇಳುತ್ತೇನೆ. ಬೇಸಿಗೆಯಲ್ಲಿ ನಿನ್ನ ಹೊಟ್ಟೆ ನೋಡಿ ತರಬೇತುದಾರರು ತಮಾಷೆ ಮಾಡಿದರೆಂದು ನೀನೇ ಬರೆದಿದ್ದೆ. ಇಷ್ಟು ವರ್ಷದ ಮೇಲೆ ಅವಕಾಶ ಸಿಕ್ಕಿತು, ಮೈ ಹಗುರವಾಗಬೇಕಿತ್ತು, ಮಾತ್ರೆ ಮನೆಯಲ್ಲೇ ಇತ್ತು. ಹಾಗೇನಾದರೂ ಆಗಿದ್ದರೆ ಈಗಲೇ ಒಪ್ಪಿಕೋ, ಶಿಕ್ಷೆ ಸ್ವಲ್ಪ ಕಡಿಮೆಯಾಗಬಹುದು. ಉಪ್ಪು ತಿಂದವನು ನೀರು ಕುಡಿಯಲೇಬೇಕು.

"ನಾನು ನುಂಗಿಲ್ಲ" ಎಂಬ ಮಾತನ್ನು ನನ್ನ ಎದುರಿಗೆ ಕೂತು ಎಷ್ಟೋ ಜನ ಹೇಳಿದ್ದಾರೆ. ಎಲ್ಲರೂ ನಿನ್ನ ಹಾಗೆಯೇ ಹೇಳಿದರು. ಅಕ್ಕನಾಗಿ ನಿನ್ನನ್ನು ನಂಬಬೇಕೆಂದು ಆಸೆ. ಈ ಕೆಲಸ ಮಾಡಿ ಮಾಡಿ ಆ ಅಕ್ಕ ಎಲ್ಲಿ ಕೂತಿದ್ದಾಳೋ ನನಗೇ ಸಿಗುತ್ತಿಲ್ಲ.

ಅಕ್ಕ


ನವೆಂಬರ್ 25

ನಿನ್ನ ಕಾಗದ ತಲುಪಿತು.

ಓದಿ ಮುಗಿಸಿ ಮೇಜಿನ ಮೇಲಿಟ್ಟೆ. ಅಮ್ಮ ಕುರ್ಚಿಯಿಂದ, "ಯಾರು ಬೇಕಿತ್ತು ನಿಮಗೆ?" ಅಂದಳು. ನನ್ನ ಅಕ್ಕ ಬೇಕಿತ್ತು ಅಂದೆ. ಗಾಳಿಯಲ್ಲಿ ತಂತಿ ಹುಡುಕಿದಳು, ಕಿವಿಗೆ ಕೈಯಿಟ್ಟು ಬಹಳ ಹೊತ್ತು ಕೇಳಿಸಿಕೊಂಡಳು. "ಆ ಲೈನ್ ಬಿಝಿ ಇದೆ, ಆಮೇಲೆ ಪ್ರಯತ್ನ ಮಾಡಿ" ಅಂದಳು.

ಅಷ್ಟೇ.


ಡಿಸೆಂಬರ್ 4

ಅಕ್ಕಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಕೋಪ ಇಳಿದಿದೆ. ಏನಾಯಿತೆಂದು ಗೊತ್ತಾಗಿದೆ. ಅದನ್ನು ಹೇಳಬೇಕಾದರೆ ನಿನ್ನಿಂದ ಮುಚ್ಚಿಟ್ಟಿದ್ದನ್ನೂ ಹೇಳಬೇಕು.

ಅಮ್ಮ ಚೆನ್ನಾಗಿಲ್ಲ. ಬೇಸಿಗೆಯಿಂದ ಅವಳಿಗೆ ನಾನು ಯಾರೆಂದು ನೆನಪಿಲ್ಲ. ಎಕ್ಸ್‌ಚೇಂಜ್ ಅವಳ ತೂಕಡಿಕೆಯಲ್ಲಿಲ್ಲ, ಅವಳು ಇರುವುದೇ ಅಲ್ಲಿ. ಊಟದ ಮನೆ, ಹಜಾರ, ಕಿಟಕಿ, ಎಲ್ಲ ಅವಳಿಗೆ ತಂತಿ ಸಿಕ್ಕಿಸುವ ದೊಡ್ಡದೊಂದು ಬೋರ್ಡು. ನಾನು ಒಂದು ದಿನ ಮೇಲಧಿಕಾರಿ, ಇನ್ನೊಂದು ದಿನ ಬಲ್ಬು ಬದಲಾಯಿಸಲು ಬಂದವನು. ತಲೆ ತಿಳಿಯಾಗಿದ್ದ ಕೊನೆಯ ದಿನಗಳಲ್ಲಿ ಅವಳೇ ನನ್ನ ಕೈ ಹಿಡಿದು, "ಅವಳಿಗೆ ಹೇಳಬೇಡ ಪುಟ್ಟಾ, ಕೆಲಸ ಬಿಟ್ಟು ಓಡಿ ಬರ್ತಾಳೆ" ಅಂದಿದ್ದಳು. ಅದಕ್ಕೇ ಹೇಳಲಿಲ್ಲ. ನೀನು ಬಂದು, ಅವಳು ನಿನ್ನನ್ನು ಗುರುತಿಸದೆ ಹೋದರೆ ಎಂಬ ಭಯವೂ ಇತ್ತು.

ಮಾತ್ರೆ ಕೊಡಹೋದರೆ ಬಾಯಿ ಬಿಗಿ ಹಿಡಿಯುತ್ತಿದ್ದಳು. ಹಗಲು ನೋಡಿಕೊಳ್ಳುವ ನರ್ಸಮ್ಮ ಹೇಗೆ ಓಲೈಸಿದರೂ ಇಲ್ಲ. ಒಂದು ಬೆಳಿಗ್ಗೆ ನನಗೆ ನಮ್ಮ ಜ್ವರದ ದಿನಗಳು ನೆನಪಾದವು. ಕಹಿ ಔಷಧಿ ಕುಡಿಸುವಾಗ ಅಮ್ಮ ಮೊದಲು ತಾನು ಒಂದು ಗುಟುಕು ಕುಡಿದು, ಬಾಯಿ ತೆರೆದು ತೋರಿಸಿ, "ನೋಡು, ನಂಗೇನಾಯ್ತು? ಈಗ ನಿನ್ನ ಸರದಿ" ಅನ್ನುತ್ತಿದ್ದಳಲ್ಲ. ನಾನು ಮಾತ್ರೆ ಪುಡಿಮಾಡಿ ಜೇನಿನಲ್ಲಿ ಕಲಸಿ, ಚಮಚದ ತುದಿಯಿಂದ ಒಂದಿಷ್ಟು ನೆಕ್ಕಿ, ಬಾಯಿ ತೆರೆದು ತೋರಿಸಿದೆ. ಅವಳು ನಕ್ಕು ಉಳಿದಿದ್ದನ್ನು ತಿಂದಳು. ಅಂದಿನಿಂದ ದಿನಾ ಬೆಳಿಗ್ಗೆ ಅದೇ ಆಟ. ಈಗ ಚಮಚವನ್ನು ಅವಳೇ ಹಿಡಿದು ನನ್ನ ಬಾಯಿಗೆ ತರುತ್ತಾಳೆ.

ನಿನ್ನೆ ಬೆಳಿಗ್ಗೆ ಹಾಗೆ ನೆಕ್ಕಿದವನು, ಬಾಯಿ ತೆರೆದವನು ಹಾಗೆಯೇ ನಿಂತುಬಿಟ್ಟೆ. ಇಷ್ಟು ದಿನ ಹೊಳೆದಿರಲಿಲ್ಲ ಅಂದರೆ ನಂಬುತ್ತೀಯಾ? ಏನಾದರೂ ಔಷಧಿ ತಗೊಂಡಿದ್ದೀರಾ ಎಂದು ಆ ಹಿರಿಯರು ಕೇಳಿದಾಗ ನನಗೆ ಇದು ನೆನಪಾಗಲೇ ಇಲ್ಲ. ಅದು ನಾನು ಔಷಧಿ ತಗೊಳ್ಳುವುದಾಗಿರಲಿಲ್ಲ, ಅಮ್ಮನ ಜೊತೆ ಆಡುವುದಾಗಿತ್ತು.

ಗೂಟ


ಡಿಸೆಂಬರ್ 12

ನನ್ನ ತಮ್ಮಾ,

ಮೊದಲು ನನ್ನನ್ನು ಬೈದುಬಿಡು, ಆಮೇಲೆ ಮುಂದೆ ಓದು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನೇ ದಿನಾ ನೋಡಿ, ಕೊನೆಗೆ ನಿನ್ನ ಹೆಗಲನ್ನೂ ನಾನೇ ತಡವಿದೆ. ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ನಿಂತು ಗೊಳೋ ಎಂದು ಅತ್ತೆ. ನಿನಗಾಗಿ ಎಷ್ಟು, ಅಮ್ಮನಿಗಾಗಿ ಎಷ್ಟು, ಗೊತ್ತಿಲ್ಲ. ಬೇಸಿಗೆಯಿಂದ ನೀನು ಒಬ್ಬನೇ ಇದನ್ನು ಹೊತ್ತಿದ್ದೀಯ. ಹೇಳಬೇಕಿತ್ತು ಕಣೋ.

ಈಗ ಸರಿಯಾಗಿ ಕೇಳಿಸಿಕೋ. ಅಮ್ಮನ ಡಾಕ್ಟರ್ ಹೇಳಿಕೆ ಬೇಕು, ನರ್ಸಮ್ಮನ ಹೇಳಿಕೆ ಬೇಕು. ಸಿಕ್ಕ ಅಳತೆಗೂ ಚಮಚದ ತುದಿಗೂ ತಾಳೆಯಾಗುತ್ತದೆ ಎಂದು ತಿಳಿದವರೊಬ್ಬರಿಂದ ಬರೆಸಬೇಕು. ಅಂಥವರು ನನಗೆ ಗೊತ್ತು, ಕೇಳಿದ್ದೇನೆ. ತಪ್ಪಿಲ್ಲ ಅನ್ನುವುದಿಲ್ಲ, ತಪ್ಪು ಸಣ್ಣದು ಅನ್ನಬಹುದು. ಹಾಗೆಂದರೆ ವಸಂತಕ್ಕೆ ಮೊದಲೇ ನೀನು ಗೋಲಿನಲ್ಲಿ ಇರುತ್ತೀಯ.

ಒಂದು ಮಾತು. ಇವತ್ತಿನಿಂದ ಆ ಚಮಚ ಬಾಯಿಗೆ ಇಡಬೇಡ. ಇಷ್ಟು ದಿನ ತಿಳಿಯದೆ ಮಾಡಿದ್ದೆ. ತಿಳಿದ ಮೇಲೆ ಒಂದು ಸಲ ನೆಕ್ಕಿದರೂ ಅದು ತಿಳಿದು ಮಾಡಿದ್ದು. ಅದಕ್ಕೆ ಕ್ಷಮೆಯಿಲ್ಲ.

ಇಲ್ಲಿ ಹಿಮ ಬೀಳಲು ಶುರುವಾಗಿದೆ. ಸದ್ದೇ ಇಲ್ಲ. ಊರೆಲ್ಲ ಕಿವಿಗೆ ಹತ್ತಿ ತುರುಕಿಕೊಂಡ ಹಾಗಿದೆ.

ಅಕ್ಕ


ಜನವರಿ 10

ಅಕ್ಕಾ,

ವಿಚಾರಣೆ ಮುಗಿಯಿತು. ಉದ್ದನೆಯ ಮೇಜು, ಆ ಕಡೆ ಮೂವರು, ಈ ಕಡೆ ನಾನು, ನಡುವೆ ನೀರಿನ ಹೂಜಿ. ನಿನ್ನವರು ಬರೆದುಕೊಟ್ಟ ಕಾಗದವನ್ನು ಅವರು ಒಬ್ಬರಿಂದೊಬ್ಬರು ತಗೊಂಡು ಓದುವಾಗ ನಾನು ಕಿಟಕಿಯಾಚೆ ನೋಡುತ್ತಿದ್ದೆ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಹಾಗೆ ಕೂತಿದ್ದೆ. ಎಲ್ಲ ನೀನು ಹೇಳಿದಂತೆಯೇ ಆಯಿತು. ತಪ್ಪು ಸಣ್ಣದು. ಫೆಬ್ರವರಿ ಮೊದಲ ವಾರದಿಂದ ಆಡಬಹುದು. ಇನ್ನೊಮ್ಮೆ ಸಿಕ್ಕಿದರೆ ನಾಲ್ಕು ವರ್ಷ. ತರಬೇತುದಾರರು ಬೆನ್ನು ತಟ್ಟಿ, "ನಿನ್ನ ಜಾಗ ಹಾಗೇ ಇದೆ ಮಾರಾಯ" ಅಂದರು. ಭುಜ ಮುರಿದವನ ಪಟ್ಟಿ ಇನ್ನೂ ಬಿಚ್ಚಿಲ್ಲ.

ಖುಷಿಯಿಂದಲೇ ಬರೆಯಬೇಕಿತ್ತು. ಆದರೆ ನಾನು ರುಚಿ ನೋಡುವುದು ಬಿಟ್ಟ ಮೇಲೆ ಅಮ್ಮ ಮಾತ್ರೆಯನ್ನು ಸರಿಯಾಗಿ ತಗೊಂಡಿಲ್ಲ. ಎರಡು ಬಟ್ಟಲು ಮಾಡಿ, ಒಂದರಲ್ಲಿ ಬರೀ ಜೇನಿಟ್ಟು ನೋಡಿದೆ. ಅವಳು ಎರಡನ್ನೂ ನೋಡಿ, ಅದಲುಬದಲು ಮಾಡಿ, ತನ್ನದನ್ನು ನನ್ನ ಕಡೆ ತಳ್ಳಿದಳು. ನೆಕ್ಕಿದ ಹಾಗೆ ನಟಿಸಿದರೆ ಬಾಯಿ ತೆರೆಸಿ ನಾಲಿಗೆಯ ಕೆಳಗೂ ನೋಡುತ್ತಾಳೆ. ನಿನಗೆ ಈ ಕಸುಬು ಎಲ್ಲಿಂದ ಬಂತೆಂದು ಈಗ ತಿಳಿಯಿತು. ನರ್ಸಮ್ಮ ತಾನು ತಿಂದು ತೋರಿಸಿದರೆ, ಬಹಳ ಮರ್ಯಾದೆಯಿಂದ, "ಕ್ಷಮಿಸಿ ಮೇಡಂ, ನಿಮ್ಮನ್ನ ಈ ಬೋರ್ಡಿಗೆ ಹಾಕಿಲ್ಲ" ಅಂದಳಂತೆ. ಸೂಜಿ ಚುಚ್ಚಿಸಬೇಕೆಂದರೆ ಆಸ್ಪತ್ರೆಯಲ್ಲಿ ಕೈ ಕಟ್ಟಿ ಮಲಗಿಸಬೇಕು ಎಂದರು ಡಾಕ್ಟರ್. ಬೇರೆ ಮಾತ್ರೆ ಇದೆಯಾ ಅಂದರೆ, ಅವೆಲ್ಲವೂ ನಿಮ್ಮ ನಿಷಿದ್ಧ ಔಷಧಿಗಳ ಪಟ್ಟಿಯಲ್ಲೇ ಇವೆ.

ಕಾಲು ಮತ್ತೆ ಊದಿಕೊಳ್ಳುತ್ತಿದೆ.

ಗೂಟ


ಜನವರಿ 18

ತಮ್ಮಾ,

ಗೆದ್ದೆಯಲ್ಲ. ನಾನು ಇಲ್ಲಿ ಒಬ್ಬಳೇ ಎರಡು ಲೋಟ ಕಾಫಿ ಮಾಡಿ, ನಿನ್ನದನ್ನೂ ನಾನೇ ಕುಡಿದೆ.

ಅಮ್ಮನ ವಿಷಯ. ಕಾಯಿಲೆಗೆ ನಿಷಿದ್ಧ ಔಷಧಿ ಬೇಕಾದ ಆಟಗಾರನಿಗೆ ಅನುಮತಿ ಕೊಡುವ ನಿಯಮವಿದೆ. ಅಮ್ಮನ ಕಾಯಿಲೆಗೆ ಮಗನಿಗೆ ಅನುಮತಿ ಕೊಡುವ ನಿಯಮವಿಲ್ಲ. ಪುಸ್ತಕವನ್ನು ಹಿಂದಿನಿಂದ ಮುಂದಕ್ಕೂ ಓದಿದೆ, ಎಲ್ಲೂ ಇಲ್ಲ. ಮಾತ್ರೆಯನ್ನು ಸಾರಿನಲ್ಲಿ ಬೆರೆಸಿ ನೋಡಿ, ಹಣ್ಣಿನ ರಸದಲ್ಲಿ ನೋಡಿ. ನರ್ಸಮ್ಮನಿಗೆ ಎಕ್ಸ್‌ಚೇಂಜಿನವರ ಹಾಗೆ ಬಿಳಿ ಕಾಲರಿನ ಉಡುಪು ಹಾಕಿಸಿ ನೋಡಿ. ಅವಳ ಕಾಲು ಹಿಂದೆಯೂ ಊದಿ ಇಳಿದಿದೆ, ಸ್ವಲ್ಪ ದಿನ ತಡೆದುಕೊಳ್ಳುತ್ತಾಳೆ.

ನಾನು ಬರುತ್ತೇನೆ, ಮಾರ್ಚಿನಲ್ಲಿ. ಇಲ್ಲಿ ಫೈನಲ್ ಪಂದ್ಯಗಳು ಮುಗಿಯುವ ತನಕ ರಜೆ ಕೇಳುವುದು ಕಷ್ಟ. ಈ ಸಲ ಮಹಿಳಾ ತಂಡಗಳ ಪರೀಕ್ಷೆಯ ಹೊಣೆಯೆಲ್ಲ ನನ್ನದೇ. ಅಲ್ಲಿಯವರೆಗೆ ಗಟ್ಟಿಯಾಗಿರು. ಚಮಚದ ಹತ್ತಿರ ಹೋಗಬೇಡ. ನಿನ್ನ ಮೊದಲ ಪಂದ್ಯದ ದಿನ ಬರಿ.

ಅಕ್ಕ


ಫೆಬ್ರವರಿ 4

ಅಕ್ಕಾ,

ಸಾರಿನಲ್ಲಿ ನೋಡಿದೆವು, ಹಣ್ಣಿನ ರಸದಲ್ಲಿ ನೋಡಿದೆವು. ಬಿಳಿ ಕಾಲರನ್ನೂ ನೋಡಿದೆವು.

ನಿನ್ನೆ ರಾತ್ರಿ ಅಮ್ಮನಿಗೆ ಮಲಗಲು ಆಗಲಿಲ್ಲ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ದಿಂಬುಗಳನ್ನು ಒಟ್ಟಿ ಕೂರಿಸಿದೆ. ಪಾದಗಳು ಒದ್ದೆ ಮರಳಿನ ಹಾಗಿದ್ದವು, ಬೆರಳಿಟ್ಟರೆ ಗುಳಿ ಹಾಗೇ ಉಳಿಯುತ್ತಿತ್ತು. ಬೆಳಗಾದಾಗ ಕಿಟಕಿಯ ಹೊರಗೆಲ್ಲ ಮಂಜು, ಮನೆಯೊಳಗೂ ಸ್ವಲ್ಪ ಬಂದಿದೆಯೇನೋ ಅನ್ನಿಸಿತು. ಅವಳು ಬಟ್ಟಲನ್ನು ಹತ್ತಿರ ಎಳೆದು, ಚಮಚ ತುಂಬಿ, ನನ್ನ ಕಡೆ ಹಿಡಿದಳು. "ಮೊದಲು ನೀನು ಪುಟ್ಟಾ" ಅಂದಳು. ಬೇಸಿಗೆಯಿಂದ ಅವಳ ಬಾಯಲ್ಲಿ ಆ ಹೆಸರು ಬಂದಿರಲಿಲ್ಲ.

ನಾನು ತಗೊಂಡೆ. ನಾಳೆಯ ಪಂದ್ಯ ನೆನಪಿತ್ತು, ನಿನ್ನ ಮಾತೂ ನೆನಪಿತ್ತು. ಬಾಯಿ ತೆರೆದು ತೋರಿಸಿದೆ. ಅವಳು ಉಳಿದಿದ್ದನ್ನೆಲ್ಲ ತಿಂದಳು, ಚಮಚ ನೆಕ್ಕಿದಳು. ಮಧ್ಯಾಹ್ನದ ಹೊತ್ತಿಗೆ ಒರಗಿ ನಿದ್ದೆಹೋದಳು. ಅವಳ ಉಸಿರು ಕೇಳುತ್ತ ನಾನೂ ನೆಲದ ಮೇಲೆ ಮಲಗಿದೆ. ಕನಸಿನಲ್ಲಿ ಮೈದಾನದ ತುಂಬ ಟೆಲಿಫೋನ್ ತಂತಿಗಳು, ನಾನು ಅವುಗಳ ನಡುವೆ ಬಲೆಯನ್ನು ಹುಡುಕುತ್ತಿದ್ದೆ.

ಎದ್ದು ಹೋಗಿ ತರಬೇತುದಾರರಿಗೆ ಹೇಳಿದೆ, ನಾಳೆ ನಿಲ್ಲುವುದಿಲ್ಲ ಎಂದು. ಲೀಗಿಗೂ ಬರೆದುಕೊಟ್ಟೆ. ನಿನಗೆ ಗೊತ್ತಾಗಿ, ಹೇಳುವುದೋ ಬಿಡುವುದೋ ಎಂದು ನೀನು ಒದ್ದಾಡಬಾರದು ಎಂದು ಅವರಿಗೇ ಮೊದಲು ಹೇಳಿದೆ. ನಾಳೆ ಬೆಳಿಗ್ಗೆಯೂ ತಗೊಳ್ಳುತ್ತೇನೆ, ನಾಡಿದ್ದೂ.

ಗೂಟ


ಫೆಬ್ರವರಿ 11

ನನ್ನ ತಮ್ಮಾ,

ಈ ಕಾಗದವನ್ನು ರೈಲ್ವೆ ನಿಲ್ದಾಣದಲ್ಲಿ ಬರೆಯುತ್ತಿದ್ದೇನೆ. ಬಹುಶಃ ನನಗಿಂತ ಒಂದು ದಿನ ಮೊದಲು ತಲುಪುತ್ತದೆ.

ನಿನಗೆ ನಾನು ಎಷ್ಟು ಬುದ್ಧಿ ಹೇಳಿದೆ. ಯಾರ ಹೇಳಿಕೆ ತಗೋಬೇಕು, ಯಾವ ಸಾರು, ಯಾವ ಕಾಲರು. ಅಮ್ಮನಿಗೆ ಬೇಕಾಗಿದ್ದದ್ದು ಚಮಚವನ್ನು ಮೊದಲು ಬಾಯಿಗಿಟ್ಟುಕೊಳ್ಳುವ ಒಂದು ಮಗು. ನಾವು ಇಬ್ಬರಿದ್ದೆವು. ಒಬ್ಬನ ಮೈಯನ್ನು ಪರೀಕ್ಷೆ ಮಾಡುತ್ತಾರೆ, ಇನ್ನೊಬ್ಬಳ ಮೈಯನ್ನು ಯಾರೂ ಮಾಡುವುದಿಲ್ಲ. ನನ್ನ ಉಚ್ಚೆ ಯಾರಿಗೂ ಬೇಡ ಕಣೋ. ಡಿಸೆಂಬರಿನಲ್ಲೇ ಈ ರೈಲು ಹತ್ತಿದ್ದರೆ ನೀನು ಇವತ್ತು ಗೋಲಿನಲ್ಲಿ ಇರುತ್ತಿದ್ದೆ. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲ. ಹೊಳೆದಿತ್ತು, ಬರಲು ಧೈರ್ಯವಿರಲಿಲ್ಲ ಅನ್ನುವುದೇ ನಿಜವೇನೋ. ಅವಳು ನನ್ನನ್ನು ನೋಡಿ "ಯಾರು ಬೇಕಿತ್ತು ನಿಮಗೆ" ಅನ್ನುವುದನ್ನು ಕೇಳಲಾರೆ ಎಂದು ಫೈನಲ್ಲು, ರಜೆ ಎಂದೆಲ್ಲ ಬರೆದೆ.

ಕೆಲಸ ಬಿಟ್ಟೆ. ಚೀಲ, ಗುರುತಿನ ಚೀಟಿ ಎಲ್ಲ ವಾಪಸು ಕೊಟ್ಟೆ. ನೀನು ವಿಚಾರಣೆಗೆ ಹೋಗಬೇಕಲ್ಲ, ಹೋಗು. ಮನೆಯಲ್ಲಿ ನಾನಿರುತ್ತೇನೆ.

ಅಕ್ಕ


ಮಾರ್ಚ್ 6

ಗೂಟಾ,

ನೀನು ವಿಚಾರಣೆಗೆ ಹೊರಟ ಮೇಲೆ ಎರಡು ಬೆಳಿಗ್ಗೆ ಅಮ್ಮ ನನ್ನ ಕೈಯಿಂದ ಏನೂ ತಗೊಳ್ಳಲಿಲ್ಲ. ನೀನಿದ್ದಾಗ ನಿನ್ನ ಪಕ್ಕ ಕೂತ ನನ್ನನ್ನು ಕಣ್ಣೆತ್ತಿ ನೋಡದವಳು, ಈಗ ನೀನು ಕೂರುತ್ತಿದ್ದ ಜಾಗವನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆದೆ, ಅತ್ತೆ, ಬೇಡಿದೆ. ನಿನಗೆ ಸುದ್ದಿ ಕಳಿಸಿ ಕರೆಸುವುದೇ ಸರಿ ಅಂದುಕೊಂಡೆ.

ಇವತ್ತು ಬೆಳಿಗ್ಗೆ ಏನೂ ಹೇಳದೆ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಅವಳು ಗಾಳಿಯಲ್ಲಿ ತಂತಿ ಎಳೆದಾಗ ನಾನೂ ಒಂದು ಎಳೆದೆ. ಸಿಕ್ಕಿಸಿದಾಗ ಸಿಕ್ಕಿಸಿದೆ. ಕಿಟಕಿಯ ಬಿಸಿಲು ನಮ್ಮ ಕೈಗಳ ಮೇಲೆ ನಿಧಾನವಾಗಿ ಸರಿಯಿತು. ಹೊತ್ತು ಹೋಗಿದ್ದೇ ತಿಳಿಯಲಿಲ್ಲ. ಒಂದು ತಂತಿಯನ್ನು ನಾನು ತಪ್ಪಾಗಿ ಸಿಕ್ಕಿಸಿದೆನಂತೆ, ಮೆಲ್ಲಗೆ ನನ್ನ ಕೈ ಹಿಡಿದು ಸರಿಮಾಡಿದಳು. "ಹೊಸಬಳಾ? ಪರವಾಗಿಲ್ಲ, ಕಲೀತೀಯ" ಅಂದಳು. ಆಮೇಲೆ ಚಮಚ ತಗೊಂಡು ನನ್ನ ಬಾಯಿಗೆ ಹಿಡಿದಳು. ತಿಂದೆ. ನಾಲಿಗೆಯ ಕೆಳಗೂ ನೋಡಿದಳು. ಎಷ್ಟೋ ಜನರ ಎದುರು ನಿಂತು ನೋಡಿದವಳು ನಾನು, ನೋಡಿಸಿಕೊಳ್ಳುವುದು ಹೀಗಿರುತ್ತದೆಂದು ತಿಳಿದಿರಲಿಲ್ಲ. ಆಮೇಲೆ ತಾನು ತಿಂದಳು.

ಅವಳಿಗೆ ನಾನು ಮಗಳಲ್ಲ, ಕೆಲಸ ಕಲಿಯಲು ಬಂದ ಹುಡುಗಿ. ಸಾಕು. ನೀನು ಅಲ್ಲಿ ಏನೂ ಮುಚ್ಚಿಡದೆ ಹೇಳಿ ಬಾ.

ಅಕ್ಕ


ಮಾರ್ಚ್ 12

ಅಕ್ಕಾ,

ಅದೇ ಮೇಜು, ಅದೇ ಮೂವರು, ಅದೇ ಹೂಜಿ. ನಡುವೆ ಕೂತ ಹೆಂಗಸು ಒಳ್ಳೆಯವರು. ಹೋದ ಸಲ ನನ್ನ ಪರವಾಗಿ ತೀರ್ಪು ಬರೆದವರೇ ಅವರಂತೆ. ಕಡತ ಮುಚ್ಚಿ, ಕನ್ನಡಕ ತೆಗೆದು ಕೇಳಿದರು:

"ನಿಮಗೆ ನಿಯಮ ಗೊತ್ತಿತ್ತು. ಮರುದಿನ ಪಂದ್ಯ ಇತ್ತು. ಗೊತ್ತಿದ್ದೂ ಯಾಕೆ ಬಾಯಿಗೆ ಇಟ್ಕೊಂಡ್ರಿ?"

"ಅಮ್ಮ ಹಿಡಿದಿದ್ಳು ಮೇಡಂ" ಅಂದೆ. ಬರೆದುಕೊಳ್ಳುತ್ತಿದ್ದವನು ಪೆನ್ನೆತ್ತಿ ಅವರ ಮುಖ ನೋಡಿದ. ಏನು ಬರೆಯಬೇಕೆಂದು ಅವರೂ ಹೇಳಲಿಲ್ಲ.

ನಾಲ್ಕು ವರ್ಷ. ಮೂವತ್ತೇಳಕ್ಕೆ ವಾಪಸು ಬರುವ ಆಸೆಯಿದ್ದರೆ ಈ ನಾಲ್ಕು ವರ್ಷವೂ ಕರೆದಾಗ ಬಾಟಲಿ ತುಂಬಿಸಬೇಕಂತೆ. ಆಸೆಯಿಲ್ಲ ಎಂದು ಬರೆದುಕೊಟ್ಟೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ, ದಾರಿಹೋಕರು ನೋಡುವ ಹಾಗೆ.

ಭಾನುವಾರ ಬೆಳಿಗ್ಗೆಯ ರೈಲಿಗೆ ಬರುತ್ತೇನೆ. ಅವತ್ತು ನೀನು ತಡವಾಗಿ ಏಳು. ಮೊದಲ ಚಮಚ ನಾನು ತಗೊಳ್ಳುತ್ತೇನೆ. ಈಗ ನನ್ನ ಉಚ್ಚೆಯೂ ಯಾರಿಗೂ ಬೇಡ.

ಗೂಟ